ಕಿತ್ತೂರಿಗೆ ಬಂದದ್ದು ಕಾಕನಕೋಟೆಗೆ ಏಕೆ ಬರಲಿಲ್ಲ?

ಕಳೆದ ಮಳೆಗಾಲದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆಯ ಕಡೆಗೆ ಹೋಗಿದ್ದೆ. ಸೇವೆಯಲ್ಲಿದ್ದಾಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹಲವು ವರ್ಷ ಓಡಾಡಿದ ನನಗೆ ಆ ದಾರಿ ಹೊಸದಲ್ಲ. ಒಂದು ಕಾಲಕ್ಕೆ ಖೆಡ್ಡಾಕ್ಕೆ ಹೆಸರಾಗಿದ್ದ ಕಾಡು ಅದು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಆಮೇಲೆ ಕಬಿನಿ ಜಲಾಶಯದ ಹಿನ್ನೀರು ಹಬ್ಬಿತು. ಆ ಕಾಡಂಚಿನ ಒಂದು ಸರ್ಕಾರಿ ಶಾಲೆಯಲ್ಲಿ ಪರಿಚಿತ ಶಿಕ್ಷಕರೊಬ್ಬರನ್ನು ಕಾಣಲೆಂದು ಇಳಿದಾಗ, ಹಳೆಯ ಟಿ.ವಿ.ಯೊಂದರ ಸುತ್ತ ನಾಲ್ಕೈದು ಮಕ್ಕಳು ಕುಳಿತಿದ್ದರು. ಬ್ಯಾಂಕ್ ಕಾರ್ಡಿನಷ್ಟೇ ಅಗಲದ ಹಸಿರು ಫಲಕವೊಂದು ಅದಕ್ಕೆ ತಂತಿಯಿಂದ ಜೋತುಬಿದ್ದಿತ್ತು. ಅದೇ ಕಂಪ್ಯೂಟರು. ಶಾಲೆಯ ಅಂಗಳದ ಉಷ್ಣಾಂಶವನ್ನು ಗಂಟೆಗೊಮ್ಮೆ ದಾಖಲಿಸುವ ಕೆಲಸವನ್ನು ಮಕ್ಕಳು ಅದಕ್ಕೆ ಕಲಿಸುತ್ತಿದ್ದರು.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಇದು ಇಂಗ್ಲೆಂಡ್‌ದಂತೆ ಸಾರ್. ನಮ್ಮೋರು ಇಂಥದ್ದು ಮಾಡೇ ಇಲ್ವಾ?’

‘ಮಾಡಿದ್ದಾರಮ್ಮ. ಬೆಂಗಳೂರಿನಲ್ಲೇ. ನೀನು ಹುಟ್ಟೋದಕ್ಕೆ ಎಷ್ಟೋ ಮೊದಲೇ,’ ಎಂದೆ.

‘ಹಂಗಾರೆ ಅದು ಈಗ ಎಲ್ಲದೆ ಸಾರ್?’

ಅವಳಿಗೆ ಆ ಹೊತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಕೊಡಬೇಕಾದ ಉತ್ತರದಲ್ಲಿ ನನ್ನ ಪಾಲೂ ಇರುವುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

1998ರಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ಅಂತರರಾಷ್ಟ್ರೀಯ ವಿಚಾರ ಸಂಕಿರಣವೊಂದು ನಡೆಯಿತು. ಬಡವನ ಕೈಗೆಟುಕುವ, ಅವನ ಭಾಷೆಯಲ್ಲಿ ವ್ಯವಹರಿಸುವ, ಅಂಗೈಯಲ್ಲಿ ಹಿಡಿಯಬಹುದಾದ ಕಂಪ್ಯೂಟರ್ ಬೇಕೆಂಬ ವಿಚಾರ ಮೊಳೆತದ್ದು ಅಲ್ಲಿ. ಸಂಕಿರಣಗಳ ನಿರ್ಣಯಗಳು ಸಾಮಾನ್ಯವಾಗಿ ಕಡತ ಸೇರುತ್ತವೆ. ಈ ನಿರ್ಣಯ ಮಾತ್ರ ಏಳು ಜನರ ಕೈಗೆ ಬಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್. ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್. 1999ರಲ್ಲಿ ಇವರು ಲಾಭದ ಉದ್ದೇಶವಿಲ್ಲದ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕಂಪ್ಯೂಟರ್ ಎಂಬ ಪದಕ್ಕೆ ಬೆಸೆದು ಕಟ್ಟಿದ ಹೆಸರದು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂದಿತು.

ಇಂದಿನ ಕಣ್ಣಿಗೆ ಆ ಯಂತ್ರ ಬಡಕಲಾಗಿಯೇ ಕಾಣುತ್ತದೆ. 206 ಮೆಗಾಹರ್ಟ್ಸ್‌ನ ಸಂಸ್ಕಾರಕ, 32 ಎಂ.ಬಿ. ಸ್ಮರಣಕೋಶ, ಬಣ್ಣವಿಲ್ಲದ ಪುಟ್ಟ ಪರದೆ. ಕೀಲಿಮಣೆ ಇಲ್ಲ, ಕಡ್ಡಿಯೊಂದರಿಂದ ಪರದೆಯನ್ನು ಮುಟ್ಟಿ ಕೆಲಸ ಮಾಡಿಸಬೇಕು. ಆದರೆ ಅದರ ಪ್ರತಿಯೊಂದು ಅಂಗದ ಹಿಂದೆಯೂ ಹಳ್ಳಿಯನ್ನು ಕುರಿತ ಆಲೋಚನೆಯಿತ್ತು. ವಿದ್ಯುತ್ತಿಲ್ಲದ ಊರಿನಲ್ಲೂ ನಡೆಯಲೆಂದು, ಸರಗೂರಿನಂಥ ಊರಿನ ಅಂಗಡಿಯಲ್ಲಿ ಸಿಗುವ ಸಣ್ಣ ಬ್ಯಾಟರಿ ಸೆಲ್ಲುಗಳಿಂದಲೇ ಅದು ಓಡುವಂತೆ ರೂಪಿಸಿದ್ದರು. ಒಬ್ಬೊಬ್ಬರೂ ಒಂದೊಂದು ಯಂತ್ರ ಕೊಳ್ಳಲಾರರೆಂದು ಸ್ಮಾರ್ಟ್ ಕಾರ್ಡಿಗೆ ಜಾಗ ಮಾಡಿದ್ದರು: ಯಂತ್ರ ಊರಿನದು, ಕಾರ್ಡು ಅವರವರದು. ಕಾರ್ಡು ತೂರಿಸಿದವರ ಲೆಕ್ಕ, ಮಾಹಿತಿ ತೆರೆದುಕೊಳ್ಳಬೇಕು, ತೆಗೆದಾಗ ಮುಚ್ಚಿಕೊಳ್ಳಬೇಕು. ಕಾರ್ಯಾಚರಣೆ ವ್ಯವಸ್ಥೆಯಾಗಿ ಯಾರಿಗೂ ಶುಲ್ಕ ಕಟ್ಟಬೇಕಿಲ್ಲದ ಲಿನಕ್ಸನ್ನು ಆರಿಸಿಕೊಂಡಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯ ಮೇಲಿನ ಬರಹವನ್ನು ಅದು ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ನಮ್ಮ ಲಿಪಿಗಳಲ್ಲಿ ಬರೆದಂತೆ ಓದುತ್ತೇವಲ್ಲವೆ? ಆ ಗುಣವನ್ನೇ ಹಿಡಿದು, ಮೊದಲೇ ಧ್ವನಿಮುದ್ರಿಸಿಟ್ಟ ಉಚ್ಚಾರದ ತುಣುಕುಗಳನ್ನು ಪೋಣಿಸಿ ಮಾತು ಹೊರಡಿಸುವ ವಿಧಾನ ಅದು. 2001ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಾಪ್ತಾಹಿಕದಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಆ ವರ್ಷದ ಅತಿ ಮಹತ್ವದ ಕಂಪ್ಯೂಟರ್ ಆವಿಷ್ಕಾರವೆಂದು ಬೊಟ್ಟುಮಾಡಿದ್ದು ಆ್ಯಪಲ್, ಮೈಕ್ರೋಸಾಫ್ಟ್‌ಗಳ ಸರಕನ್ನಲ್ಲ, ಇದನ್ನು.

ಆದರೂ ನನ್ನ ದೃಷ್ಟಿಯಲ್ಲಿ ಸಿಂಪ್ಯೂಟರಿನ ನಿಜವಾದ ಹೊಸತನ ಯಂತ್ರದಲ್ಲಿರಲಿಲ್ಲ, ಅದರ ಪರವಾನಗಿಯಲ್ಲಿತ್ತು. ತಂತ್ರಾಂಶವನ್ನು ಮುಕ್ತವಾಗಿ ಹಂಚಿಕೊಂಡು ಎಲ್ಲರೂ ಸೇರಿ ಬೆಳೆಸುವ ಪರಿಪಾಠ ಅಷ್ಟರಲ್ಲಾಗಲೇ ಬೇರೂರಿತ್ತು. ಅದನ್ನು ಯಂತ್ರಾಂಶಕ್ಕೂ ವಿಸ್ತರಿಸಬೇಕೆಂಬುದು ಈ ಏಳು ಜನರ ಹಂಬಲ. ವಿನ್ಯಾಸವನ್ನು ಅವರು ಬಚ್ಚಿಡಲಿಲ್ಲ. ಯಾವ ತಯಾರಕನಾದರೂ ಶುಲ್ಕ ಕಟ್ಟಿ ಯಂತ್ರವನ್ನು ತಯಾರಿಸಬಹುದಿತ್ತು. ಬಡ ದೇಶದವನಿಗೆ ಶುಲ್ಕ ಕಡಿಮೆ. ತಾನು ಮಾಡಿದ ಸುಧಾರಣೆಯ ಲಾಭವನ್ನು ಸ್ವಲ್ಪ ಕಾಲ ಉಂಡು, ಅನಂತರ ಅದನ್ನು ಟ್ರಸ್ಟಿನ ಮೂಲಕ ಎಲ್ಲರಿಗೂ ಬಿಟ್ಟುಕೊಡಬೇಕೆಂಬುದು ಕರಾರು. ಅಂದರೆ ಪುಟ್ಟ ಕಂಪ್ಯೂಟರು ಕಟ್ಟುವವರದೇ ಒಂದು ಬಳಗ ಬೆಳೆಯಬೇಕು; ಒಬ್ಬನು ಕಲಿತದ್ದು ಎಲ್ಲರ ಸೊತ್ತಾಗಬೇಕು. ಅರ್ಥಶಾಸ್ತ್ರದ ಪಾಠದಲ್ಲಿ ಇಂಥದನ್ನು ಸಾರ್ವಜನಿಕ ಸರಕು ಎನ್ನುತ್ತೇವೆ. ನಮ್ಮ ಹಿರಿಯರು ವಿದ್ಯೆಯನ್ನು ಕುರಿತು ಹೇಳುತ್ತಿದ್ದುದೂ ಅದನ್ನೇ: ಕೊಟ್ಟಷ್ಟೂ ಹೆಚ್ಚುತ್ತದೆ.

ಇನ್ನು ನನ್ನ ಪಾಲು.

ತೊಂಬತ್ತರ ದಶಕದಲ್ಲಿ ಗ್ರಾಮವೊಂದರ ಕಂದಾಯ ಅದಾಲತ್ತಿನಲ್ಲಿ ಒಬ್ಬ ವೃದ್ಧೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಪಹಣಿಯ ಪ್ರತಿಯನ್ನು ನನ್ನ ಮುಂದೆ ಹಿಡಿದಿದ್ದಳು. ‘ಇದ್ರಲ್ಲಿ ಏನ್ ಬರ್ದವ್ರೆ ಸ್ವಾಮಿ, ವಸಿ ಓದಿ ಹೇಳಿ,’ ಎಂದಳು. ಅದನ್ನು ಅವಳು ಅದಾಗಲೇ ಮೂವರಿಂದ ಓದಿಸಿದ್ದಳಂತೆ. ಮೂವರೂ ಜಮೀನು ನಿನ್ನ ಹೆಸರಿಗೇ ಇದೆ ಎಂದಿದ್ದರಂತೆ. 9ನೆಯ ಕಾಲಂ ನೋಡಿದೆ. ಗಂಡ ಸತ್ತ ಮರುವರ್ಷವೇ ಅದು ಅವಳ ಮೈದುನನ ಹೆಸರಿಗೆ ಬದಲಾಗಿತ್ತು. ಓದಿ ಹೇಳಿದವರು ಮೂವರೂ ಮೈದುನನ ಕಡೆಯವರೇ. ಮೇಲ್ಮನವಿಯ ಅವಧಿ ಮೀರಿತ್ತು. ವಿಳಂಬವನ್ನು ಮನ್ನಿಸಿ ಪ್ರಕರಣ ತೆರೆಯಲು ಅವಕಾಶವಿತ್ತು, ತೆರೆದದ್ದೂ ಆಯಿತು. ಆದರೆ ನಾನು ವರ್ಗವಾಗಿ ಹೊರಡುವವರೆಗೂ ಅದು ಇತ್ಯರ್ಥವಾಗಲಿಲ್ಲ. ಅಕ್ಷರ ಬಾರದವರಿಗೆ ದಾಖಲೆ ಇದ್ದರೆ ಸಾಲದು. ಅದನ್ನು ಪಕ್ಷಪಾತವಿಲ್ಲದೆ ಓದಿ ಹೇಳುವವರೂ ಬೇಕು ಎಂಬುದು ಅಂದು ನನಗೆ ಮನದಟ್ಟಾಯಿತು.

2001ರ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಪಹಣಿಗಳು ಗಣಕೀಕೃತವಾದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪ್ರತಿ ಸಿಗತೊಡಗಿತು. ಅದೊಂದು ದೊಡ್ಡ ಸುಧಾರಣೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮುದ್ರಿತ ಪ್ರತಿಯನ್ನೂ ಯಾರಾದರೂ ಓದಿಯೇ ಹೇಳಬೇಕು.

2004ರ ಮಾರ್ಚ್‌ನಲ್ಲಿ ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಆಗ ನಾನು ಬೆಂಗಳೂರಿನ ಇಲಾಖೆಯೊಂದರಲ್ಲಿದ್ದೆ. ಪ್ರಾತ್ಯಕ್ಷಿಕೆಯಲ್ಲಿ ಯಂತ್ರವನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಓರೆ ಮಾಡಿದರೆ ಅದಕ್ಕೆ ತಿಳಿಯುತ್ತಿತ್ತು. ಜಗತ್ತು ಐಫೋನಿನಲ್ಲಿ ಇದನ್ನು ಕಂಡು ಬೆರಗಾದದ್ದು 2007ರಲ್ಲಿ. ತುಸು ಬಿಗಿಯಾದ, ಏರಿಳಿತವಿಲ್ಲದ ದನಿಯಲ್ಲಿ ಅದು ಕನ್ನಡ ಓದಿತು. ಆ ವೃದ್ಧೆಯ ನೆನಪು ಆ ಕ್ಷಣವೇ ಬಂದಿತ್ತು ಎಂಬುದನ್ನು ಮುಚ್ಚಿಡಲಾರೆ.

ಕೆಲವು ವಾರಗಳ ಮೇಲೆ, ಕ್ಷೇತ್ರ ಸಿಬ್ಬಂದಿಗೆ ಪ್ರಯೋಗಾರ್ಥವಾಗಿ 20 ಸಿಂಪ್ಯೂಟರುಗಳನ್ನು ಕೊಳ್ಳುವ ಪ್ರಸ್ತಾವ ನನ್ನ ಮೇಜಿಗೆ ಬಂದಿತು. ನಾನು ಟಿಪ್ಪಣಿ ಬರೆದೆ. ಒಂದು: ಇದು ಒಬ್ಬನೇ ಸರಬರಾಜುದಾರನಿರುವ ಸರಕು, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಮೇರೆಗೆ ಸ್ಪರ್ಧಾತ್ಮಕ ಟೆಂಡರಿಗೆ ಆಸ್ಪದವಿಲ್ಲ. ಎರಡು: ತಾಲ್ಲೂಕು ಮಟ್ಟದಲ್ಲಿ ದುರಸ್ತಿ ವ್ಯವಸ್ಥೆಯಿಲ್ಲ. ಮೂರು: ಅತಿ ಕಡಿಮೆಯ ಮಾದರಿಗೂ 9,950 ರೂಪಾಯಿ ಬೆಲೆಯಿದ್ದು, ಇಂಥ ಮೂರು ಯಂತ್ರಗಳ ಹಣಕ್ಕೆ ಇಡೀ ಕಚೇರಿಗೆ ಒದಗುವ ಒಂದು ಮೇಜು ಕಂಪ್ಯೂಟರು ಬರುತ್ತದೆ. ಆದುದರಿಂದ ಪ್ರಸ್ತಾವವನ್ನು ಮುಂದೂಡಬಹುದು. ಮೇಲಿನವರು ‘ಟಿಪ್ಪಣಿಯಂತೆ’ ಎಂದು ಸಹಿ ಮಾಡಿದರು. ಕಡತ ಮುಗಿಯಿತು.

ಆ ಟಿಪ್ಪಣಿಯಲ್ಲಿ ನಿಯಮದ ದೃಷ್ಟಿಯಿಂದ ತಪ್ಪಿರಲಿಲ್ಲ. ವಿಚಾರದ ದೃಷ್ಟಿಯಿಂದ ಮೂರೂ ತಪ್ಪಾಗಿದ್ದವು. ಯಾರು ಬೇಕಾದರೂ ತಯಾರಿಸಲೆಂದೇ ವಿನ್ಯಾಸವನ್ನು ತೆರೆದಿಟ್ಟಿದ್ದ ಯಂತ್ರವನ್ನು, ಅದೂ ಒಂದಕ್ಕಿಂತ ಹೆಚ್ಚು ಪರವಾನಗಿದಾರರಿದ್ದ ಯಂತ್ರವನ್ನು, ನಾನು ‘ಒಬ್ಬನೇ ಸರಬರಾಜುದಾರ’ನ ಸರಕೆಂದು ಕರೆದೆ. ಅದೇ ಅಧಿನಿಯಮದ 4(ಜಿ) ಪ್ರಕರಣದಡಿ ಸರ್ಕಾರ ವಿನಾಯಿತಿ ನೀಡಲು ಅವಕಾಶವಿದ್ದುದನ್ನು ನಮೂದಿಸಲಿಲ್ಲ. ಇನ್ನು ದುರಸ್ತಿಗಾರರು ಹುಟ್ಟುವುದು ಯಂತ್ರಗಳು ಬಂದ ಮೇಲೆ. ಬೆಲೆ ಇಳಿಯುವುದು ಸಾವಿರಗಟ್ಟಲೆ ಯಂತ್ರಗಳು ಮಾರಾಟವಾದ ಮೇಲೆ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನೇ ನಾನು ಸರ್ಕಾರಿ ಭಾಷೆಯಲ್ಲಿ ಬರೆದಿದ್ದೆ.

ನನ್ನ ಕಚೇರಿ 20 ಯಂತ್ರ ಕೊಂಡಿದ್ದರೆ ಸಿಂಪ್ಯೂಟರು ಉಳಿಯುತ್ತಿತ್ತೆಂದು ನಾನು ಹೇಳುವುದಿಲ್ಲ. ಭೂಮಿ ಯೋಜನೆಯಲ್ಲಿಯೇ ಅದರ ಬಳಕೆ ಆಯಿತು. ಛತ್ತೀಸಗಡದ ಶಾಲೆಯಲ್ಲೂ ಪ್ರಯೋಗ ನಡೆಯಿತು. ಆದರೆ ಎಲ್ಲೆಡೆಯೂ ಅದು ಪ್ರಯೋಗವಾಗಿಯೇ ಉಳಿಯಿತು. 50,000 ಯಂತ್ರಗಳ ಮಾರಾಟ ನಿರೀಕ್ಷಿಸಿದ್ದಲ್ಲಿ, 2005ರ ಹೊತ್ತಿಗೆ ಹೋದದ್ದು ಸುಮಾರು 4,000. ಅಷ್ಟರಲ್ಲಿ ಮೊಬೈಲ್ ದೂರವಾಣಿಯ ಮಹಾಪೂರ ಬಂದಿತ್ತು. 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಕೈಗೆ ಫೋನು ಕೊಟ್ಟಿತ್ತು. ಮಾತಾಡಲು ಬರುವ ಯಂತ್ರವನ್ನು ಜನ ಕೊಂಡರು. ಓದಿ ಹೇಳುವ ಯಂತ್ರ ಹಿಂದೆ ಬಿತ್ತು. ಜನರ ಆಯ್ಕೆಯನ್ನು ತಪ್ಪೆನ್ನಲಾಗದು. ಹಳ್ಳಿಯವನಿಗೆ ಬೇಕಾದ ಮಾಹಿತಿ ಮತ್ತು ಸೇವೆ ಸಿಂಪ್ಯೂಟರಿನೊಳಗೆ ಇರಲಿಲ್ಲ. ಅವನ್ನು ತುಂಬಬೇಕಾಗಿದ್ದವರು ನಾವು, ಇಲಾಖೆಗಳವರು.

ಇಲ್ಲಿ ಕಿತ್ತೂರನ್ನು ನೆನೆಯಬೇಕು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗೆಂದೇ 128 ಸಂಪರ್ಕದ್ವಾರಗಳ ಪುಟ್ಟ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಿತ ಕೋಣೆ ಬೇಡ. ದೂಳು, ಸೆಖೆಗಳನ್ನು ತಾಳಿಕೊಳ್ಳುತ್ತಿತ್ತು. ಮೊದಲನೆಯದನ್ನು 1986ರಲ್ಲಿ ನೆಟ್ಟದ್ದು ನಮ್ಮ ಕಿತ್ತೂರಿನಲ್ಲಿ. ಸಿ-ಡಾಟ್ ಕೂಡ ತನ್ನ ವಿನ್ಯಾಸವನ್ನು ಕಬ್ಜದಲ್ಲಿಟ್ಟುಕೊಳ್ಳದೆ ಹಲವು ತಯಾರಕರಿಗೆ ವರ್ಗಾಯಿಸಿತು. ಮುಂದಿನ ವರ್ಷಗಳಲ್ಲಿ ಆ ಪುಟ್ಟ ಕೇಂದ್ರಗಳು ದೇಶದ ಮೂಲೆಮೂಲೆ ತಲುಪಿದವು. ಗಾತ್ರ ಸಣ್ಣದು, ಉದ್ದೇಶ ಹಳ್ಳಿ, ವಿನ್ಯಾಸ ಹಂಚಿಕೆಯದು. ಎಲ್ಲ ವಿಧದಲ್ಲೂ ಅದು ಸಿಂಪ್ಯೂಟರಿನ ಅಣ್ಣನೇ. ವ್ಯತ್ಯಾಸ ಒಂದೇ: ತಯಾರಾದದ್ದನ್ನು ಕೊಳ್ಳಲು ದೂರಸಂಪರ್ಕ ಇಲಾಖೆ ನಿಂತಿತ್ತು. ಸಿಂಪ್ಯೂಟರಿನ ಹಿಂದೆ ಅಂಥ ಖರೀದಿದಾರನಿರಲಿಲ್ಲ.

ಖರೀದಿದಾರ ಸರ್ಕಾರವೇ ಆಗಬೇಕೆಂದಿಲ್ಲ ಎಂಬುದಕ್ಕೆ ಆ ಶಾಲೆಯ ಹಸಿರು ಫಲಕವೇ ಸಾಕ್ಷಿ. ರಾಸ್ಪ್‌ಬೆರಿ ಪೈ ಎಂಬ ಆ ಪುಟ್ಟ ಕಂಪ್ಯೂಟರನ್ನು ಕೇಂಬ್ರಿಜ್‌ನ ಧರ್ಮಾರ್ಥ ಪ್ರತಿಷ್ಠಾನವೊಂದು 2012ರ ಫೆಬ್ರುವರಿ 29ರಂದು 35 ಡಾಲರಿಗೆ ಬಿಡುಗಡೆ ಮಾಡಿತು. ಕಂಪ್ಯೂಟರ್ ವಿಜ್ಞಾನ ಓದಲು ಬರುವ ಹುಡುಗರಿಗೆ ಯಂತ್ರದ ಒಳಗುಟ್ಟೇ ತಿಳಿಯದೆಂಬ ಎಬೆನ್ ಅಪ್ಟನ್ ಮತ್ತು ಸಂಗಡಿಗರ ಕಳವಳದಿಂದ ಹುಟ್ಟಿದ್ದು ಅದು. ಅದರ ಮುಖ್ಯ ಚಿಪ್ಪಿನ ವಿವರಗಳು ಸಿಂಪ್ಯೂಟರಿನ ವಿನ್ಯಾಸದಷ್ಟು ಮುಕ್ತವೂ ಆಗಿರಲಿಲ್ಲ. ಆದರೂ 2024ರಲ್ಲಿ ಅದರ ವಾಣಿಜ್ಯ ಸಂಸ್ಥೆ ಲಂಡನ್ ಷೇರುಪೇಟೆ ಸೇರುವ ಹೊತ್ತಿಗೆ 6 ಕೋಟಿಗೂ ಹೆಚ್ಚು ಫಲಕಗಳು ಮಾರಾಟವಾಗಿದ್ದವು. ಕಾಲವೂ ಅನುಕೂಲವಾಗಿತ್ತು, ನಿಜ. ಆ ಹತ್ತು ವರ್ಷಗಳಲ್ಲಿ ಚಿಪ್ಪುಗಳ ಬೆಲೆ ಕುಸಿದಿತ್ತು. ಆದರೆ ಅಲ್ಲಿ ಶಿಕ್ಷಕರು, ಹವ್ಯಾಸಿಗಳು, ಮಕ್ಕಳೇ ಖರೀದಿದಾರರಾದರು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರಿಗೆ ತೋರಿಸಿದರು. ನೋಡಿದವರು ಇನ್ನಷ್ಟು ಕಟ್ಟಿದರು. ಬೆಂಗಳೂರಿನ ಏಳು ಜನ ಬಯಸಿದ್ದ ಬಳಗ ಹನ್ನೊಂದು ವರ್ಷಗಳ ಮೇಲೆ ಬೇರೊಂದು ಊರಿನ ಯಂತ್ರದ ಸುತ್ತ ನೆರೆಯಿತು.

ಹಾಗೆಂದು ಇಲ್ಲಿಯ ಶ್ರಮವೆಲ್ಲ ನಷ್ಟವಾಯಿತೆನ್ನುವುದೂ ತಪ್ಪು. ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಸಿಂಪ್ಯೂಟರಿಗಾಗಿ ರೂಪುಗೊಂಡ ‘ಧ್ವನಿ’ ಎಂಬ ಓದುವ ತಂತ್ರಾಂಶ ಮುಕ್ತ ಪರವಾನಗಿಯಡಿ ಹೊರಬಂದಿತ್ತು. ಅದನ್ನು ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಕೈಗೆತ್ತಿಕೊಂಡು ಮಲಯಾಳ, ತೆಲುಗು, ಒಡಿಯಾ ಮೊದಲಾದ ಇನ್ನೂ ಹಲವು ಭಾಷೆಗಳಿಗೆ ವಿಸ್ತರಿಸಿದರು. ಯಂತ್ರ ಸತ್ತ ಮೇಲೂ ಅದರ ದನಿ ಬದುಕಿತು. ತೆರೆದಿಟ್ಟ ಕಾರಣದಿಂದ ಬದುಕಿತು ಎಂಬುದನ್ನು ಗಮನಿಸಬೇಕು. ಬೀಗ ಹಾಕಿಟ್ಟಿದ್ದರೆ ಕಂಪನಿಯೊಡನೆ ಅದೂ ಮಣ್ಣಾಗುತ್ತಿತ್ತು.

2020ರ ಮುಂಗಾರಿನಲ್ಲಿ ನಮ್ಮ ರಾಜ್ಯದ ರೈತರು ಬೆಳೆ ಸಮೀಕ್ಷೆಯ ವಿವರವನ್ನು ತಮ್ಮ ಮೊಬೈಲಿನಲ್ಲಿ ತಾವೇ ದಾಖಲಿಸಿದರು. ಸಿಂಪ್ಯೂಟರು ಮಾಡಬೇಕೆಂದಿದ್ದ ಕೆಲಸವನ್ನು ಫೋನು ಮಾಡಿತು. ಮತ್ತೇನು ಚಿಂತೆ ಎಂದು ಕೇಳಬಹುದು. ಚಿಂತೆ ಇದು: ಫೋನನ್ನು ನಾವು ಬಳಸುತ್ತೇವೆ, ಬಿಚ್ಚಿ ನೋಡಲಾರೆವು. ಕೆಟ್ಟರೆ ಎಸೆಯುತ್ತೇವೆ. ಬಳಸುವವರ ನಾಡಿಗೂ ಕಟ್ಟುವವರ ನಾಡಿಗೂ ಇರುವ ಅಂತರ ಒಂದು ತಲೆಮಾರಿನಲ್ಲಿ ತುಂಬುವಂಥದಲ್ಲ.

ಆ ಅಂತರವನ್ನು ತುಂಬಲು ಕೋಟಿಗಳ ಯೋಜನೆ ಬೇಕಿಲ್ಲ. ಕಾಕನಕೋಟೆಯ ಮೂಲಕ ಹಾದುಹೋಗುವ ರಸ್ತೆಯಲ್ಲಿ ಬಾವಲಿ ದಾಟಿದರೆ ವಯನಾಡು. 2018ರಲ್ಲಿ ಕೇರಳ ಸರ್ಕಾರ ತನ್ನ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ತಂತ್ರಜ್ಞಾನ ಕೂಟಗಳನ್ನು ಆರಂಭಿಸಿತು. ಗಡಿಯ ಈಚೆಗೆ, ನಾನು ಕಂಡ ಶಾಲೆಯಲ್ಲಿ, ಶಿಕ್ಷಕರೊಬ್ಬರು ಸಂಬಳದ ಹಣದಿಂದ ಎರಡು ಫಲಕ ತಂದಿದ್ದಾರೆ. ತಾಲ್ಲೂಕಿಗೊಂದು ಐ.ಟಿ.ಐ.ಯಲ್ಲಿ ಇಂಥ ಯಂತ್ರಗಳ ಜೋಡಣೆ, ದುರಸ್ತಿಗಳನ್ನು ಕಲಿಸಬಹುದು. ಸಾರ್ವಜನಿಕ ಹಣದಿಂದ ಕೊಳ್ಳುವ ಉಪಕರಣಗಳ ವಿದ್ಯುನ್ಮಂಡಲ ನಕ್ಷೆ, ದುರಸ್ತಿ ಕೈಪಿಡಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂಬ ಒಂದು ಷರತ್ತನ್ನು ಟೆಂಡರಿಗೆ ಸೇರಿಸಬಹುದು. ಇಲಾಖೆಗಳ ಖರೀದಿಯಲ್ಲಿ ಒಂದು ಸಣ್ಣ ಪಾಲನ್ನು, ಸೋಲಬಹುದೆಂದು ತಿಳಿದೇ, ಇಲ್ಲಿಯ ಹೊಸ ವಿನ್ಯಾಸಗಳಿಗೆ ಮೀಸಲಿಡಬಹುದು. ಸೋತ ಪ್ರಯೋಗಕ್ಕೆ ಅಧಿಕಾರಿಯನ್ನು ಲೆಕ್ಕಪರಿಶೋಧನೆಯ ಮುಂದೆ ನಿಲ್ಲಿಸುವುದಿಲ್ಲವೆಂಬ ಭರವಸೆಯೂ ಬೇಕು. ಅಂದು ನನ್ನ ಲೇಖನಿ ಹಿಡಿದದ್ದು ಆ ಭಯವೇ. ಬೇಡವೆಂದು ಬರೆದ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಹೌದೆಂದು ಬರೆದವನಿಗೆ ನಿವೃತ್ತಿಯಾದ ಮೇಲೂ ನೋಟಿಸು ಬರುತ್ತದೆ.

ಸಿಂಪ್ಯೂಟರು ಈಗ ಎಲ್ಲಿದೆ ಎಂದು ಕೇಳಿದ ಹುಡುಗಿಗೆ ಕಳೆದ ವಾರ ಶಿಕ್ಷಕರ ಮೂಲಕ ಪತ್ರ ಬರೆದೆ. ಅದನ್ನು ಯಾರು ಕಟ್ಟಿದರು, ಹೇಗೆ ಕಟ್ಟಿದರು ಎಂದು ವಿವರಿಸಿ, ಅದು ಏಕೆ ನಿನ್ನ ಊರಿಗೆ ಬರಲಿಲ್ಲವೆಂಬುದನ್ನೂ ನನ್ನ ಟಿಪ್ಪಣಿಯ ಸಮೇತ ಬರೆದಿದ್ದೇನೆ. ‘ಧ್ವನಿ’ಯನ್ನು ನಿಮ್ಮ ಪುಟ್ಟ ಕಂಪ್ಯೂಟರಿಗೆ ಹಾಕಲಾದೀತೇ ನೋಡಿ, ಊರಿನ ಅಜ್ಜಿಯೊಬ್ಬರ ಪಹಣಿಯನ್ನು ಅದರಿಂದ ಓದಿಸಿ ಎಂದು ಕೊನೆಯಲ್ಲಿ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಪರೀಕ್ಷೆ ಮುಗಿದ ಮೇಲೆ ಮಾಡಿ ನೋಡುತ್ತಾರಂತೆ ಎಂದು ಶಿಕ್ಷಕರು ತಿಳಿಸಿದ್ದಾರೆ.